ಬೈಪಾಸ್ ಆದಮೇಲೂ ಮಲಗಿದರೆ ಉಸಿರು ಕಟ್ಟುತ್ತಿದೆಯಾ?

ಅಪ್ಪನಿಗೆ ಬೈಪಾಸ್ ಆದಮೇಲೆ ನೋಡಲು ಬಂದವರೆಲ್ಲ ಹಾರ್ಟ್ ಹೇಗಿದೆ ಅಂತಲೇ ಕೇಳಿದರು. ಹಾರ್ಟ್ ಚೆನ್ನಾಗಿತ್ತು, ಎಕೋ ರಿಪೋರ್ಟೂ ಚೆನ್ನಾಗಿತ್ತು. ಆದರೆ ಮಲಗಿದ ಕೂಡಲೇ ಅಪ್ಪನಿಗೆ ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಿದ್ದರು. "ದೊಡ್ಡ ಆಪರೇಷನ್ ಅಲ್ವಾ, ಸ್ವಲ್ಪ ದಿನ ಹಾಗೇ" ಎಂದು ಎಲ್ಲರೂ ಸಮಾಧಾನ ಹೇಳಿದರು. ಆ ಮಾತು ಕೆಲವೊಮ್ಮೆ ಸರಿ, ಆದರೆ ಯಾವಾಗಲೂ ಅಲ್ಲ.

ಎದೆಗೂ ಹೊಟ್ಟೆಗೂ ನಡುವೆ ಅಡ್ಡಲಾಗಿರುವ ಸ್ನಾಯು ವಪೆ, ಡಾಕ್ಟರುಗಳ ಬಾಯಲ್ಲಿ ಡಯಾಫ್ರಮ್. ಸುಮ್ನೆ ಕೂತಾಗ ಉಸಿರೆಳೆಯುವ ಹೆಚ್ಚಿನ ಕೆಲಸ ಇದರದ್ದೇ. ಇದನ್ನು ನಡೆಸುವ ಫ್ರೆನಿಕ್ ನರಗಳು ಎಡಕ್ಕೊಂದು, ಬಲಕ್ಕೊಂದು. ಕತ್ತಿನಲ್ಲಿ ಹುಟ್ಟಿ, ಹೃದಯದ ಹೊರಪೊರೆಗೆ ಅಂಟಿಕೊಂಡೇ ಕೆಳಗಿಳಿಯುತ್ತವೆ. ಹಾಗಾಗಿ ಆಪರೇಷನ್ನಿನಲ್ಲಿ ಹೃದಯ ತಣ್ಣಗಿಡಲು ಸುತ್ತ ಐಸ್ ಹಾಕಿದಾಗ, ಇಲ್ಲವೇ ಬೈಪಾಸಿಗೆಂದು ಎದೆಯ ಒಳಗೋಡೆಯ ರಕ್ತನಾಳ ಬಿಡಿಸುವಾಗ ನರಕ್ಕೆ ಪೆಟ್ಟಾಗಬಹುದು. ಎಡಗಡೆಗೇ ಜಾಸ್ತಿ. ಆಗ ಆ ಬದಿಯ ವಪೆ ಸೋತು ಮೇಲಕ್ಕೇರಿ ಕೂರುತ್ತದೆ, ಮಲಗಿದರಂತೂ ಹೊಟ್ಟೆಯ ಭಾರವೂ ಅದನ್ನು ಮೇಲಕ್ಕೆ ತಳ್ಳಿ ಶ್ವಾಸಕೋಶಕ್ಕೆ ಜಾಗವೇ ಸಾಲುವುದಿಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ. ಹೆಚ್ಚಿನವರ ತೊಂದರೆ ಬೇರೆ. ಎದೆಮೂಳೆ ಕತ್ತರಿಸಿ ತಂತಿ ಹಾಕಿರುತ್ತಾರೆ, ನೋವಿಗೆ ಹೆದರಿ ಮೇಲುಮೇಲೆ ಉಸಿರಾಡುತ್ತಾರೆ, ಶ್ವಾಸಕೋಶದ ತಳ ಮುದುಡಿ ಕಫ ಕಟ್ಟುತ್ತದೆ. ಉಸಿರಿನ ವ್ಯಾಯಾಮಕ್ಕೆಂದು ಮೂರು ಚೆಂಡಿನ ಸ್ಪೈರೋಮೀಟರ್ ಎಂಬ ಸಾಧನ ಕೊಡುವುದು ಅದಕ್ಕೇ. ಅದನ್ನು ಊದಬಾರದು, ನಿಧಾನವಾಗಿ ಒಳಗೆಳೆದು ಚೆಂಡನ್ನು ಸ್ವಲ್ಪ ಹೊತ್ತು ಮೇಲೇ ನಿಲ್ಲಿಸಬೇಕು. ಎಷ್ಟೋ ಮನೆಗಳಲ್ಲಿ ಅದು ಫ್ರಿಜ್ ಮೇಲೆ ಧೂಳು ತಿನ್ನುತ್ತಿರುತ್ತದೆ, ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಂಡರೆ ನೋವು ಕಡಿಮೆ, ಕಫವೂ ಹೊರಬರುತ್ತದೆ.

ಅಪ್ಪನ ವಿಷಯದಲ್ಲಿ ಮೊದಲು ಅನುಮಾನಪಟ್ಟವರು ಫಿಜಿಯೋ. ಉಸಿರೆಳೆದಾಗ ಹೊಟ್ಟೆ ಉಬ್ಬಬೇಕು, ಇವರದ್ದು ಒಂದು ಕಡೆ ಒಳಗೆ ಹೋಗುತ್ತಿದೆ ಎಂದರು. ಎಕ್ಸ್‌ರೇಯಲ್ಲಿ ಎಡ ವಪೆ ಮೇಲಿತ್ತು. ಆಮೇಲೆ ಮೂಗಿನಿಂದ ಚಟ್ಟನೆ ಉಸಿರೆಳೆಯಲು ಹೇಳಿ ಅಲ್ಟ್ರಾಸೌಂಡಿನಲ್ಲಿ ನೋಡಿದರು. ಬಲಗಡೆ ಸರಿಯಾಗಿ ಕೆಳಗಿಳಿಯಿತು, ಎಡಗಡೆ ಉಲ್ಟಾ ಮೇಲೆ ಹೋಯಿತು, ಅಂದರೆ ಎಡ ವಪೆ ಸೋತಿತ್ತು. ಕಾಯಿಲೆಗೆ ಒಂದು ಹೆಸರು ಸಿಕ್ಕಿದ್ದರಿಂದಲೇ ಅಪ್ಪನ ಅರ್ಧ ಭಯ ಹೋಯಿತು.

ನರ ತುಂಡಾಗದೆ ಬರೀ ಪೆಟ್ಟಾಗಿದ್ದರೆ ಸಾಮಾನ್ಯವಾಗಿ ತಾನೇ ಚೇತರಿಸಿಕೊಳ್ಳುತ್ತದೆ, ಆದರೆ ತುಂಬಾ ನಿಧಾನ. ಹಾಳಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಹಾಗಾಗಿ ತಿಂಗಳುಗಟ್ಟಲೆ, ಕೆಲವರಿಗೆ ವರ್ಷವೇ ಬೇಕು. ಅಲ್ಲಿಯವರೆಗೆ ತಲೆ ಎತ್ತರಿಸಿ ಮಲಗುವುದು, ಒಂದೇ ಸಲ ಹೊಟ್ಟೆ ತುಂಬ ಉಣ್ಣದಿರುವುದು, ಫಿಜಿಯೋ ಹೇಳಿದ ವ್ಯಾಯಾಮ, ನಡಿಗೆ. ಇಷ್ಟಾದರೂ ಗುಣವಾಗದೆ ಕಷ್ಟ ಜಾಸ್ತಿ ಇದ್ದರೆ, ಸಡಿಲಾದ ವಪೆಯನ್ನು ಹೊಲಿದು ಬಿಗಿ ಮಾಡುವ ಆಪರೇಷನ್ನೂ ಇದೆ.

ಏದುಸಿರು ಇದ್ದಕ್ಕಿದ್ದಂತೆ ಹೆಚ್ಚಾದರೆ, ಜ್ವರ ಬಂದರೆ, ಒಂದೇ ಕಾಲು ಊದಿ ನೋವಾದರೆ ಇದೆಲ್ಲ ಯೋಚಿಸುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ತುರ್ತು ಇಲ್ಲದಿದ್ದರೂ ಮಲಗಿದಾಗ ಉಸಿರು ಸಾಲುತ್ತಿಲ್ಲ ಎಂದಾದರೆ ಮುಂದಿನ ಚೆಕಪ್ಪಿನಲ್ಲಿ ಸಂಕೋಚ ಬಿಟ್ಟು ಕೇಳಿ: "ಡಾಕ್ಟ್ರೇ, ವಪೆ ಎರಡೂ ಕಡೆ ಸರಿಯಾಗಿ ಆಡುತ್ತಿದೆಯಾ, ಒಮ್ಮೆ ನೋಡ್ತೀರಾ?"