ಗಾಡಿ ಸರ್ಕಾರದ್ದು, ಗಾದಿ ನಂದು

ಸೋಮವಾರ ಬೆಳಿಗ್ಗೆ ಶಟರ್ ಎತ್ತಿ ಊದಿನಕಡ್ಡಿ ಹಚ್ಚುತ್ತಿದ್ದೆ. ಪೊಲೀಸ್ ಠಾಣೆಯ ಜೀಪು ಓಡಿಸುವ ದಫೇದಾರ್ರು ಬಂದರು. ಬೈಕಿನಲ್ಲಿ, ಮಫ್ತಿಯಲ್ಲಿ. ಕಂಕುಳಲ್ಲಿ ಸೀಟಿನ ಮೇಲೆ ಹಾಕೋ ಒಂದು ಹಳೇ ಗಾದಿ. 7 ವರ್ಷದ ಹಿಂದೆ ನಾನೇ ಹೊಲಿದು ಕೊಟ್ಟಿದ್ದು. ಕಂದು ರೆಕ್ಸಿನ್, ಅಂಚಿಗೆ ಕೆಂಪು ಪೈಪಿಂಗ್. ರೆಕ್ಸಿನ್ ಮೂಲೆಯಲ್ಲಿ ಹರಿದಿದೆ, ಹೊಲಿಗೆ ಮಾತ್ರ ಎಲ್ಲೂ ಬಿಟ್ಟಿಲ್ಲ.

"ಏನ್ ದಫೇದಾರ್ರೇ, ಗಾಡಿ ಎಲ್ಲಿ?" ಅಂದೆ.

"ಗಾಡಿ ಕಂಡಮ್ ಆತ್ರೀ. ಗಾಡಿ ಸರ್ಕಾರದ್ದು, ಗಾದಿ ನಂದು. ತಗೊಂಡು ಬಂದೆ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ನಮ್ಮದು ದಾವಣಗೆರೆ ಪಿ.ಬಿ. ರಸ್ತೆಯ ಬದಿಯಲ್ಲಿ ಸಣ್ಣ ಕುಶನ್ ಅಂಗಡಿ. ನಿಜ ಹೇಳಬೇಕಂದ್ರೆ ಪೊಲೀಸ್ ಗಿರಾಕಿ ಅಂದ್ರೆ ನನಗೆ ಅಷ್ಟಕ್ಕಷ್ಟೇ. "ಬಿಲ್ ಆಮೇಲೆ ನೋಡೋಣ" ಅಂತ ಹೋದವರೊಬ್ಬರು ಇನ್ನೂ ನೋಡ್ತಾನೇ ಇದ್ದಾರೆ. ಈ ದಫೇದಾರ್ರು ಹಾಗಲ್ಲ. ಆ ಗಾದಿಗೆ ಸ್ವಂತ ಜೇಬಿನಿಂದ ಎಣಿಸಿ ಕೊಟ್ಟಿದ್ದರು. ಸೊಂಟನೋವು ಅವರದು, ಸರ್ಕಾರ ಯಾಕೆ ಕೊಡುತ್ತೆ?

ಅವರ ಜೀಪಿಗೆ 15 ವರ್ಷ ತುಂಬಿತ್ತು. 2023ರ ಏಪ್ರಿಲ್ 1ರಿಂದ ಅಷ್ಟು ವಯಸ್ಸಾದ ಸರ್ಕಾರಿ ಗಾಡಿಗೆ ನೋಂದಣಿ ಮುಂದುವರಿಯಲ್ಲ. ಗುಂಡು ತಡೆಯುವಂಥ ವಿಶೇಷ ವಾಹನಗಳಿಗೆ ವಿನಾಯ್ತಿ ಇದೆ, ಠಾಣೆಯ ಸಾದಾ ಜೀಪಿಗಿಲ್ಲ. ಮೊದಲಾದರೆ ಹರಾಜಿನಲ್ಲಿ ಯಾರೋ ಕೊಳ್ಳೋರು. ಬಣ್ಣ ಬಳಿದರೂ ಬಾಗಿಲ ಮೇಲೆ "ಪೊಲೀಸ್" ಅಂತ ಮಸುಕಾಗಿ ಕಾಣೋದು, ಅದರಲ್ಲೇ ಹೂಕೋಸು ತುಂಬಿಕೊಂಡು ಸಂತೆಗೆ ಹೋಗೋರು. ಈಗ ಅದೆಲ್ಲ ಇಲ್ಲ, ನೇರ ನೋಂದಾಯಿತ ಗುಜರಿ ಕೇಂದ್ರ.

ಜೀಪು ಅಂತೀನಿ, ಬೊಲೆರೊನೇ. 2000ದಲ್ಲಿ ಮಾರುಕಟ್ಟೆಗೆ ಬಂದ ಗಾಡಿ, ನಮ್ಮೂರಲ್ಲಿ ಇವತ್ತಿಗೂ ಪೊಲೀಸರು ಹತ್ತಿದರೆ ಅದು ಜೀಪು. ಗಟ್ಟಿ ಚಾಸಿ, ಹಿಂದೆ ಪಟ್ಟಿ ಸ್ಪ್ರಿಂಗು, ನೂಕೋದು ಹಿಂದಿನ ಚಕ್ರ. ಜಗಳೂರು ಕಡೆ ಮಣ್ಣು ದಾರಿಗೆ, ಚನ್ನಗಿರಿ ಕಡೆ ತೋಟದ ದಾರಿಗೆ ಅದೇ ಸರಿ. ಬೆಂಗಳೂರಿನ ಹೊಯ್ಸಳ ಗಸ್ತು ಗಾಡಿಗೆ ಟಾರು ರಸ್ತೆ ಇದೆ, ತಗ್ಗು ಕಾರಾದರೂ ನಡೆಯುತ್ತೆ. ನಮ್ಮ ಅಂಗಡಿಯ ಹುಡುಗ ಮಾತ್ರ "ಪೊಲೀಸರಿಗೆ ಫಾರ್ಚೂನರ್ ಕೊಡಬೇಕಣ್ಣ" ಅಂತಾನೆ. ಅವನು ಡೀಸೆಲ್ ಹಾಕಿಸಿದವನಲ್ಲ.

ಗಾದಿ ಬಿಚ್ಚಿ ಸ್ಪಾಂಜ್ ಕತ್ತರಿಸುವಾಗ ದಫೇದಾರ್ರು ಇನ್ನೊಂದು ಹೇಳಿದರು. ಗಾಡಿ ಎಷ್ಟು ಸವೆದಿದೆ ಅಂತ ನೋಡೋದು ವರ್ಷ, ಕಿಲೋಮೀಟರ್ ಲೆಕ್ಕದಲ್ಲಿ. ದುಗ್ಗಮ್ಮನ ಜಾತ್ರೆ ಬಂದೋಬಸ್ತಿನಲ್ಲಿ ರಾತ್ರಿಯಿಡೀ ನಿಂತಲ್ಲೇ ಇಂಜಿನ್ ಓಡಿದರೆ ಕಿಲೋಮೀಟರ್ ಸೊನ್ನೆ. "ಟ್ರ್ಯಾಕ್ಟರಿಗೆ ಗಂಟೆ ಮೀಟರ್ ಐತಿ ನೋಡ್ರಿ, ನಮ್ ಜೀಪಿಗಿಲ್ಲ." ಕೇಳಿ ಸುಮ್ನೆ ಕತ್ತರಿ ಆಡಿಸಿದೆ. ತಲೆಯಲ್ಲಿ ಮಾತ್ರ ಅದೇ: ಗಾಡಿ ಸರ್ಕಾರದ್ದು, ಗಾದಿ ನಂದು.

ಸೀಟು ನೋಡಿದರೆ ನನಗೆ ಗಾಡಿಯ ಜಾತಕ ಗೊತ್ತಾಗುತ್ತೆ. ಡ್ರೈವರ್ ಸೀಟಿನ ಬಲ ಅಂಚು ಮೊದಲು ಕೂರುತ್ತೆ, ದಿನಕ್ಕೆ ನೂರು ಸಲ ಇಳಿದು ಹತ್ತಿ. ಹಿಂದೆ ಎದುರುಬದುರು ಇರುವ ಅಡ್ಡ ಸೀಟುಗಳಲ್ಲಿ ಲಾಠಿ, ಬಂದೂಕು ತಾಗಿ ರೆಕ್ಸಿನ್ ಸೀಳಿರುತ್ತೆ. ಮುಂದೆ ಎಡಗಡೆ ಸಾಹೇಬರ ಸೀಟು, ಮೇಲೆ ಬಿಳೀ ಟವೆಲ್. ಅದೊಂದು ಇಷ್ಟು ವರ್ಷದಲ್ಲಿ ನನ್ನ ಹತ್ರ ರಿಪೇರಿಗೆ ಬಂದಿಲ್ಲ. ಹೊಸ ಗಾಡಿ ಆರಿಸುವಾಗ ಟೆಂಡರ್ ಕಾಗದದಲ್ಲಿ ಇಂಜಿನ್, ಬೆಲೆ, ಮೈಲೇಜು ಎಲ್ಲ ಇರುತ್ತೆ. ಹಿಂದೆ ಅಡ್ಡ ಕೂತು ಆರು ಗಂಟೆ ಪ್ರಯಾಣ ಮಾಡುವವರ ಮೊಣಕಾಲನ್ನು ಅಳೆದವರು ಯಾರು? ನಮ್ಮಂಥ ಕುಶನ್‌ನವರನ್ನು ಕರೆದು ಹತ್ತು ಹಳೇ ಸೀಟು ತೋರಿಸಿದರೂ ಸಾಕಿತ್ತು. ಕರೆಯಲ್ಲ ಬಿಡಿ.

ಗುರುವಾರ ಹೊಸ ಗಾಡಿ ತಂದರು. ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ. ಗಾದಿ ಹಾಕಿ ಕೂತರು, ಸ್ಟೇರಿಂಗ್ ಹಿಡಿದರು, ಎದ್ದರು, ಮತ್ತೆ ಕೂತರು. "ಆತು" ಅಂದರು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ. ಚಿಕ್ಕ ವಯಸ್ಸಿನ ಮಹಿಳಾ ಕಾನ್‌ಸ್ಟೆಬಲ್.

"ಅಣ್ಣಾ, ಇಲ್ಲಿಗೂ ಒಂದು ಹೊಲಿದು ಕೊಡ್ತೀರಾ? ಎಷ್ಟಾಗುತ್ತೆ?"

"ದುಡ್ಡು ನಿಂದೇನವ್ವಾ?" ಅಂದರು ದಫೇದಾರ್ರು.

"ಇನ್ಯಾರದು? ಗಾಡಿ ಸರ್ಕಾರದ್ದು..." ಅಂತ ಆಕೆ ಅರ್ಧಕ್ಕೇ ನಕ್ಕಳು. ಅಂದರೆ ಈ ಮಾತು ಠಾಣೆಯಲ್ಲೆಲ್ಲ ಓಡಾಡಿದೆ.

ಟೇಪ್ ತಗೊಂಡು ಹಿಂದಿನ ಬಾಗಿಲಿಂದ ಹತ್ತಿ ಆಕೆಯ ಎದುರು ಕೂತೆ. ಮೊಣಕಾಲು ಎಲ್ಲಿ ಇಡಬೇಕೋ ಗೊತ್ತಾಗಲಿಲ್ಲ. ಬಾಗಿ ಅಳತೆ ತಗೊಳ್ಳುವಾಗ ಪಕ್ಕದ ಟೈರ್ ಅಂಗಡಿಯವರು ಓಡಿ ಬಂದರು, ಮುಖ ಬೆಳ್ಳಗಾಗಿತ್ತು.

"ಏನಾತೋ? ಯಾಕೆ ಹತ್ತಿಸಿದ್ರು ನಿನ್ನ?"