ಆಟಕ್ಕುಂಟು, ಲೆಕ್ಕಕ್ಕಿಲ್ಲ

"ಅಮ್ಮಾ, ಲೆಕ್ಕಕ್ಕಿಲ್ಲ ಅಂದ್ರೆ ಏನು?" ಮೊನ್ನೆ ಸಂಜೆ ಬಚ್ಚಲಲ್ಲಿ ಮಣ್ಣು ಮೆತ್ತಿದ ಕಾಲು ತೊಳೆಸಿಕೊಳ್ಳುತ್ತಾ ಮಗಳು ಕೇಳಿದಳು. ಚೊಂಬು ಹಿಡಿದ ನನ್ನ ಕೈ ಅಲ್ಲೇ ನಿಂತಿತು.

ಶಿವಮೊಗ್ಗ ಬಿಟ್ಟು ಮೈಸೂರಿಗೆ ಬಂದು ಒಂದೂವರೆ ತಿಂಗಳಾಯಿತು. ಅವಳಿಗೆ 7 ವರ್ಷ. ದಿನಾ ಸಂಜೆ ಗೇಟಿನ ಸರಳು ಹಿಡಿದು ಬೀದಿ ಮಕ್ಕಳ ಲಗೋರಿ ನೋಡುತ್ತಾ ನಿಲ್ಲುತ್ತಿದ್ದಳು. ಅವತ್ತು ತಾನೇ ಚಿಲಕ ತೆಗೆದು ಹೋಗಿದ್ದಳು. ಅಡುಗೆಮನೆ ಕಿಟಕಿಯಿಂದ ನೋಡಿದೆ. ಎಲ್ಲರ ಜೊತೆ ಓಡುತ್ತಿದ್ದಳು, ಚರಂಡಿಗೆ ಬಿದ್ದ ಚೆಂಡನ್ನೂ ಎತ್ತಿ ಕೊಟ್ಟಳು. ಚೆಂಡು ಮಾತ್ರ ಅವಳ ಮೇಲೆ ಒಂದು ಸಲವೂ ಬೀಳಲಿಲ್ಲ.

"ನೀನು ಚಿಕ್ಕವಳಲ್ವಾ, ಅದಕ್ಕೆ. ಆಟ ಕಲಿಯೋವರೆಗೂ ನೀನು ಔಟ್ ಆಗಲ್ಲ" ಅಂದೆ.

"ನಂಗೂ ಔಟ್ ಆಗ್ಬೇಕು ಅಮ್ಮ."

ಆ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಮೊದಲು ಬಂದಿದ್ದು ಸಿಟ್ಟು. ಆ ಗುಂಪಿನ ದೊಡ್ಡ ಹುಡುಗನ ತಾಯಿಗೆ ಹೇಳಿ ಬರೋಣ ಅಂತ ಚಪ್ಪಲಿಯನ್ನೂ ಮೆಟ್ಟಿದ್ದೆ. ಆದರೆ ಆ ಹುಡುಗ ಮಾಡಿದ್ದರಲ್ಲಿ ಏನು ತಪ್ಪು? ಹೊಸಬಳನ್ನು ಸೇರಿಸಿಕೊಂಡನಲ್ಲ, ಒಳ್ಳೆ ಹುಡುಗನೇ. ನನ್ನ ನಾದಿನಿ ಬಂದಾಗಲೆಲ್ಲ "ಎಷ್ಟು ನಾಚಿಕೆ ಇವಳಿಗೆ" ಅಂತ ಅವಳ ಎದುರಿಗೇ ಹೇಳುತ್ತಾಳೆ, ಅದು ನನಗೆ ಜಾಸ್ತಿ ನೋಯುತ್ತದೆ. ಕೆಲವು ಮಕ್ಕಳು ಹುಟ್ಟಾ ಹಾಗೇ ಇರುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ 4 ತಿಂಗಳ ಕೂಸುಗಳನ್ನು ನೋಡಲು ಶುರುಮಾಡಿ, ಅವು ಬೆಳೆಯುವುದನ್ನು ವರ್ಷಗಟ್ಟಲೆ ಗಮನಿಸಿದ್ದರು. ಹೆಚ್ಚುಕಡಿಮೆ ಐದರಲ್ಲಿ ಒಂದು ಕೂಸು ಹೊಸದೇನು ಕಂಡರೂ ಬೇಗ ಕಂಗೆಡುತ್ತಿತ್ತಂತೆ. ಅಂಥ ಮಕ್ಕಳನ್ನು ಅಪ್ಪ ಅಮ್ಮ ಎಲ್ಲದರಿಂದಲೂ ಕಾಪಾಡುತ್ತಾ ಹೋದರೆ ಅಂಜಿಕೆ ಹಾಗೇ ಉಳಿದುಬಿಡುವುದು ಜಾಸ್ತಿ.

ಅದನ್ನು ಓದಿದ ಮೇಲೆ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ಯಾರಾದರೂ "ಹೆಸರೇನು ಪುಟ್ಟಾ" ಅಂದರೆ ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿರುತ್ತೇನೆ. ಹೋಟೆಲಿನಲ್ಲಿ ಅವಳ ದೋಸೆ ಹೇಳುವವಳೂ ನಾನೇ. ರಾತ್ರಿ ಚೌಕಾಬಾರ ಆಡಲು ಕೂತರೆ ಅವಳ ಕಾಯಿ ಹೊಡೆಯುವ ಗರ ಬಿದ್ದರೂ ನಾನೂ ನಮ್ಮ ಮನೆಯವರೂ ಬೇರೆ ಕಾಯಿ ನಡೆಸುತ್ತೇವೆ, ಅಳುತ್ತಾಳಲ್ಲ ಅಂತ. ಬೀದಿಯ ಹುಡುಗ ಒಂದು ಸಂಜೆ ಮಾಡಿದ್ದನ್ನು ನಾವು ಪ್ರೀತಿ ಅಂದುಕೊಂಡು ಏಳು ವರ್ಷ ಮಾಡಿದ್ದೇವೆ.

ನಿನ್ನೆ ರಾತ್ರಿ ನನಗೆ ಮೂರು ಬಿತ್ತು. ಅವಳ ಕಾಯಿ ನನ್ನ ಕಾಯಿಯಿಂದ ಸರಿಯಾಗಿ ಮೂರನೇ ಮನೆಯಲ್ಲಿತ್ತು, ಇನ್ನೇನು ಹಣ್ಣಾಗುವುದರಲ್ಲಿತ್ತು. ಹೊಡೆದೆ. ಅವಳು ನನ್ನ ಮುಖ ನೋಡಿದಳು, ತುಟಿ ನಡುಗಿತು, ಅತ್ತೇಬಿಟ್ಟಳು. ಅವರು ನನ್ನನ್ನು ದುರುಗುಟ್ಟಿ ನೋಡಿದರು. ನಾನು ಸುಮ್ನೆ ಕೂತಿದ್ದೆ, ಹೊಟ್ಟೆ ಕಿವುಚುತ್ತಿತ್ತು. ಸ್ವಲ್ಪ ಹೊತ್ತಿಗೆ ಲಂಗದಲ್ಲಿ ಮೂಗು ಒರೆಸಿಕೊಂಡು ಕವಡೆ ಬಾಚಿಕೊಂಡಳು.

"ಈಗ ನನ್ನ ಸರದಿ. ನೋಡ್ತಾ ಇರು, ನಿನ್ನದೂ ಹೊಡೀತೀನಿ."