ಬಿದರಿ ತಟ್ಟೆ ಕಪ್ಪಾಗಲೊಲ್ಲದು: ಹಳೆ ಝೂಮ್ ಲೆನ್ಸಿನ ದಿನಚರಿ, ಭಾಗ 4

35–70 ಮಿ.ಮೀ.ನ ಹಳೆ ಮ್ಯಾನುಯಲ್ ಝೂಮ್ ಲೆನ್ಸ್ ಒಂದನ್ನೇ ಅಡಾಪ್ಟರ್ ಅನ್ನೋ ಜೋಡಣೆ ಬಳೆಯಿಂದ ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಿ ಇಡೀ ಬೀದರ್ ತೆಗೀಬೇಕು ಅನ್ನೋ ನನ್ನ ಹಟ ಮೂರು ತಿಂಗಳು ಚೆನ್ನಾಗೇ ನಡೆದು, ಮದರಸಾದ ಮುಂದೆ ಮುಗ್ಗರಿಸಿತು. 1472ರಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ್ದು. ಮುಂಭಾಗ ಪೂರ್ವಕ್ಕಿದೆ, ನಾನು ಹೋಗಿದ್ದು ಸಂಜೆ. ಅಂದರೆ ಉಳಿದಿರುವ ಆ ಒಂದು ಮಿನಾರದ ಹಿಂದಿನಿಂದ ಸೂರ್ಯ ನೇರ ಲೆನ್ಸಿಗೇ ಹೊಡೀತಿದ್ದ. ಚಿತ್ರದಲ್ಲಿ ಹೆಂಚಿನ ನೀಲಿ ಬಣ್ಣ ಇಲ್ಲವೇ ಇಲ್ಲ, ಮೂಲೆಯಲ್ಲೊಂದು ಹಸಿರು ಚುಕ್ಕೆ ಬೇರೆ.

ಸ್ಟುಡಿಯೋ ಕಾಕಾ ನೋಡಿದವರೇ, "ಹಾಲು ಸುರುವಿದಂಗ ಕಾಣ್ಲಕತ್ತದ. ಮಾರಿಬಿಡು ತಮ್ಮಾ" ಅಂದರು.

ಕಾಕಾ ಮೂವತ್ತು ವರ್ಷದಿಂದ ಮದುವೆ ಫೋಟೋ ತೆಗೆಯೋರು. ಒಂದೇ ಲೆನ್ಸಿಗೆ ಹಲವು ಫೋಕಲ್ ಲೆಂಗ್ತ್ (ದೃಶ್ಯ ಎಷ್ಟು ಹತ್ತಿರ ಕಾಣಬೇಕು ಅನ್ನೋ ಅಳತೆ) ಹೊರಿಸಬಾರದು ಅನ್ನೋದು ಅವರ ವಾದ. "ಲೈಕಾ ಕ್ಯಾಮೆರಾದವ್ರು ಸುದ್ದಾ 28, 35, 50 ಮೂರನ್ನೂ ಒಂದರಾಗ ಕೂಡಿಸಿದಾಗ ಅಪರ್ಚರ್ ಕಿಂಡಿ ಎಫ್/4ಕ್ಕೇ ನಿಲ್ಲಿಸ್ಯಾರ, ಅದಕ್ಕಿಂತ ಅಗಲ ಮಾಡಿಲ್ಲ. ಯಾಕ ಹೇಳು?" ಗಾಜು ಜಾಸ್ತಿಯಾದಷ್ಟೂ ಬೆಳಕು ಒಳಗೊಳಗೇ ಪುಟಿಯುತ್ತದೆ ಅನ್ನೋದು ನಿಜವೇ. ಪ್ರತಿಫಲನ ತಡೆಯೋ ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4 ಶೇಕಡಾ ಬೆಳಕನ್ನು ವಾಪಸ್ ಕಳಿಸುತ್ತದೆ. 14 ಮೈಗಳಿದ್ದರೆ ಆಚೆ ದಾಟೋದು ಬರೀ 56 ಶೇಕಡಾದಷ್ಟು. ಆದರೆ ನನ್ನ ಲೆನ್ಸಿಗೆ ಮಲ್ಟಿಕೋಟಿಂಗ್ ಇದೆ, ಓರೆ ಹಿಡಿದರೆ ಹಸಿರು, ನೇರಳೆ ಹೊಳೆಯುತ್ತದೆ. ಅಂಥ ಮೈಯಿಂದ ಪುಟಿಯೋದು ಅರ್ಧ ಶೇಕಡಾ ಅಂತ ಹಿಡಿದರೂ 93ರಷ್ಟು ದಾಟಬೇಕು. ತಪ್ಪೆಲ್ಲ ಮುಂದೆ ಹಾಕಿರುವ ಯುವಿ ಫಿಲ್ಟರಿನದು ಅಂತ ನಾನು ಪಟ್ಟು ಹಿಡಿದೆ.

ಮರುದಿನ ಸಂಜೆ ಫಿಲ್ಟರ್ ಬಿಚ್ಚಿ ಅದೇ ಜಾಗಕ್ಕೆ ಹೋದೆ. ಹಸಿರು ಚುಕ್ಕೆ ಮಾಯ. ಹಾಲು ಮಾತ್ರ ಹಂಗೇ ಇತ್ತು.

"ನಾ ಏನ್ ಹೇಳ್ದೆ?" ಅಂದರು ಕಾಕಾ. ಅವರು ಹಂಗಂದಾಗ ಚಹಾ ನನ್ನ ಲೆಕ್ಕಕ್ಕೆ.

ಸೂರ್ಯನನ್ನು ನಂಬಿ ಪರೀಕ್ಷೆ ಮಾಡೋಕಾಗಲ್ಲ, ಎರಡು ನಿಮಿಷಕ್ಕೇ ಜಾಗ ಬದಲಿಸುತ್ತಾನೆ. ಮನೆಯಲ್ಲಿದ್ದ ಬಿದರಿ ತಟ್ಟೆ ತೆಗೆದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆ ಮಣ್ಣು ಮತ್ತು ನವಸಾಗರದಲ್ಲಿ ಕಪ್ಪು ಮಾಡುತ್ತಾರಲ್ಲ, ಆ ಕಪ್ಪು ಬೆಳ್ಳಿಗೆ ಹತ್ತೋದಿಲ್ಲ. ಹಂಗಾಗಿ ಅಚ್ಚ ಕಪ್ಪು, ಅಚ್ಚ ಬಿಳಿ ಎರಡೂ ಒಂದೇ ತಟ್ಟೆಯಲ್ಲಿ. ಲೆನ್ಸ್ ಪರೀಕ್ಷೆಗೆ ಇದಕ್ಕಿಂತ ಒಳ್ಳೇ ಚಾರ್ಟ್ ಬೇಕೇ? ಕಿಟಕಿ ಫ್ರೇಮಿನ ಅಂಚಿನಿಂದ ಒಂದಿಷ್ಟೇ ಆಚೆ ಇರುವಂತೆ ಟ್ರೈಪಾಡ್ ಇಟ್ಟು, ಎಫ್/8ಕ್ಕೆ, ಒಂದೇ ಶಟರಿನಲ್ಲಿ ತೆಗೆದೆ. ಚಿತ್ರದಲ್ಲಿ ಅಚ್ಚ ಕಪ್ಪಂದ್ರೆ 0, ಅಚ್ಚ ಬಿಳಿಯಂದ್ರೆ 255. ಹೂಬಳ್ಳಿಯ ನಡುವಿನ ಕಪ್ಪು 29 ಬಂತು. ಅದು ಕಪ್ಪಲ್ಲ, ಬೂದಿ.

ಟಾರ್ಚ್ ಬಿಟ್ಟು ಲೆನ್ಸಿನೊಳಗೆ ನೋಡಿದೆ. ಫಂಗಸ್ ಇಲ್ಲ, ಮಬ್ಬೂ ಇಲ್ಲ.

ಕೊನೆಗೆ ಕಾಕಾನ 50ರ ಪ್ರೈಮ್, ಅಂದರೆ ಝೂಮ್ ಇಲ್ಲದ ಲೆನ್ಸ್, ಬೇಡಿ ತಂದೆ, ಅವರೇ ಹಿಂದೆ ಬಂದರು. ಅದರ ಹಿಂಬದಿ ಕೂರಿಕೆಯೂ (ಮೌಂಟ್) ನನ್ನ ಝೂಮಿನದೇ, ಅದೇ ಅಡಾಪ್ಟರಿನಲ್ಲಿ ಕೂರುತ್ತದೆ. ತಟ್ಟೆ ಅಲ್ಲೇ, ಕಿಟಕಿ ಅಲ್ಲೇ. ಕಪ್ಪು 26. ಕಾಕಾ ಪರದೆ ದಿಟ್ಟಿಸಿ ನೋಡಿ, "ನಿನ್ನ ಕ್ಯಾಮೆರಾನೇ ಸರಿ ಇಲ್ಲ" ಅಂದರು. ಅವರ ಲೆನ್ಸಿಗೆ ಮಾತು ಬರುವಂತಿಲ್ಲ.

ಆದರೆ ಆ ಸಿಟ್ಟಿನ ಮಾತೇ ದಾರಿ ತೋರಿಸಿತು. ಲೆನ್ಸ್ ತೆಗೆದು ಅಡಾಪ್ಟರನ್ನು ಕಿಟಕಿಗೆ ಹಿಡಿದರೆ ಒಳಗೋಡೆ ಸ್ಟೀಲ್ ಲೋಟದಂತೆ ಹೊಳೀತಿದೆ! ಬಳಿದಿದ್ದು ಕಪ್ಪೇ, ಆದರೆ ಮಿರುಗುವ ಕಪ್ಪು. ನನ್ನ ಕ್ಯಾಮೆರಾದ್ದು ಎಪಿಎಸ್-ಸಿ ಅನ್ನೋ ಚಿಕ್ಕ ಅಳತೆಯ ಸೆನ್ಸರ್. ಲೆನ್ಸ್ ಬೆಳಕು ಚೆಲ್ಲೋದು 36×24 ಮಿ.ಮೀ. ಫಿಲಂ ಅಳತೆಗೆ, ಸೆನ್ಸರ್ ಹಿಡಿಯೋದು ಸುಮಾರು 24×16. ಹೊರಗುಳಿದ ಬೆಳಕೆಲ್ಲ ಆ ಗೋಡೆಗೆ ಬಡಿದು ಸೆನ್ಸರ್ ಮೇಲೇ ಬೀಳುತ್ತಿತ್ತು.

ದರ್ಜಿ ಅಂಗಡಿಯಿಂದ ಕರಿ ಮಖಮಲ್ಲಿನ ಪಟ್ಟಿ ತಂದೆ. ಮೊದಲ ಸಲ ಅಗಲ ಹೆಚ್ಚಾಗಿ, ಅಪರ್ಚರಿನ ಸಣ್ಣ ಕಡ್ಡಿಗೆ ಸಿಕ್ಕು ಲೆನ್ಸೇ ತಿರುಗಲಿಲ್ಲ. ಬ್ಲೇಡಿನಲ್ಲಿ ಕೊರೆದು, ಎರಡೂ ಬದಿಗೆ ಹಚ್ಚುವ ಟೇಪಿನಿಂದ ಮತ್ತೆ ಅಂಟಿಸಿದೆ. ಝೂಮ್ 29ರಿಂದ 13ಕ್ಕೆ ಇಳಿಯಿತು, ಕಾಕಾನ ಪ್ರೈಮ್ 26ರಿಂದ 9ಕ್ಕೆ.

"ನಾಕು ಅಂಕಿ ಫರಕು ಅದಲ್ಲ? ಪ್ರೈಮ್ ಪ್ರೈಮೇ!" ಅಂದರು.

ಇದೆ, ಒಪ್ಪಿದೆ. 70ಕ್ಕೆ ಎಳೆದಾಗ ಇನ್ನೂ ಒಂದು ತೊಂದರೆ ಇದೆ: ಅಡ್ಡ ಬೆಳಕು ತಡೆಯೋಕೆ ಲೆನ್ಸ್ ಮುಂದೆ ಹಾಕೋ ನನ್ನ ಹುಡ್ 35ಕ್ಕೆ ಮೂಲೆ ಮುಚ್ಚದಂತೆ ಗಿಡ್ಡ ಮಾಡಿದ್ದು, 70ಕ್ಕೆ ಅದು ಇದ್ದರೂ ಇಲ್ಲದ ಹಾಗೆ. ಸದ್ಯಕ್ಕೆ ಎಡಗೈ ಅಡ್ಡ ಹಿಡಿಯುತ್ತಿದ್ದೇನೆ.

ನಿನ್ನೆ ಸಂಜೆ ಮತ್ತೆ ಮದರಸಾಕ್ಕೆ ಹೋಗಿದ್ದೆ. ಹೆಂಚಿನ ನೀಲಿ ಬಂತು, ಹಳದಿಯೂ ಬಂತು. ಪಕ್ಕದ ಆಕಾಶದಲ್ಲಿ ಹುಳದಂಥದ್ದೊಂದು ಕೂತಿದೆ. ಮಖಮಲ್ಲಿನ ಎಳೆ ಸೆನ್ಸರ್ ಮೇಲೆ ಬಿದ್ದಿದೆ. ಧೂಳು ಊದೋ ಬ್ಲೋವರ್ ಇರೋದು ಕಾಕಾನ ಸ್ಟುಡಿಯೋದಲ್ಲಿ.